ಪೈಪು ಹಾಸುವ ಮುನ್ನ ಪೈಪಿನಡಿ ನೋಡಿ

ಮಗೂ, ನಾರ್ಥಾಂಪ್ಟನ್ನಿನ ಮನೆಯ ಫೋಟೊಗಳನ್ನೂ ಬಿಲ್ಡರ್ ಕೊಟ್ಟ ಅಂದಾಜುಪಟ್ಟಿಯನ್ನೂ ನಿಧಾನವಾಗಿ ನೋಡಿದೆ. ಮನೆ ಚೆನ್ನಾಗಿದೆ. ಶೂ ಕಾರ್ಖಾನೆಗಳು ಜೋರಾಗಿದ್ದ ಕಾಲದಲ್ಲಿ ಕೆಲಸಗಾರರಿಗಾಗಿ ಸಾಲಾಗಿ ಕಟ್ಟಿದ ಇಂಥ ಇಟ್ಟಿಗೆ ಮನೆಗಳು ಆ ಊರಿನ ಬೀದಿ ಬೀದಿಯಲ್ಲೂ ಇವೆ. ನೂರು ವರ್ಷಕ್ಕೂ ಮೇಲೆ ಮಳೆ ಗಾಳಿ ತಡೆದು ನಿಂತಿವೆ. ಚಳಿಗಾಲದಲ್ಲಿ ಮೊಮ್ಮಗು ಬರಿಗಾಲಲ್ಲಿ ಓಡಾಡುವಂತಾಗಬೇಕು, ರೇಡಿಯೇಟರುಗಳನ್ನು ಕಿತ್ತು ನೆಲವನ್ನೇ ಬೆಚ್ಚಗೆ ಮಾಡಬೇಕು ಎಂಬ ನಿಮ್ಮಿಬ್ಬರ ಆಸೆಯೂ ಒಳ್ಳೆಯದೇ. ಆದರೆ ಅಂದಾಜುಪಟ್ಟಿಯಲ್ಲಿ ಪೈಪು, ಮ್ಯಾನಿಫೋಲ್ಡ್, ಪಂಪು, ಕೋಣೆಗೊಂದು ಥರ್ಮೋಸ್ಟಾಟ್ ಎಂದು ಪುಟ ತುಂಬಾ ಬರೆದಿದ್ದಾರೆ. ಪೈಪಿನ ಕೆಳಗೆ ಏನು ಬರುತ್ತದೆ ಎಂಬುದಕ್ಕೆ ಇರುವುದು ಒಂದೇ ಸಾಲು: ‘ಅಗತ್ಯವಿದ್ದಂತೆ ಇನ್ಸುಲೇಷನ್’. ಆ ಒಂದು ಸಾಲಿನ ಬಗ್ಗೆಯೇ ನಾನು ಇಷ್ಟು ದೊಡ್ಡ ಕಾಗದ ಬರೆಯುತ್ತಿರುವುದು. ಅಳಿಯಂದಿರಿಗೂ ಓದಿ ಹೇಳು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಬಾರಿ ಥರ್ಮೋಸ್ಟಾಟಿನಲ್ಲಿ ದುಡ್ಡು ಉಳಿಸಿ, ಟೈಲ್ಸಿನಲ್ಲಿ ಉಳಿಸಿ, ಪೈಪಿನಡಿಯ ಇನ್ಸುಲೇಷನ್ನಿನಲ್ಲಿ ಮಾತ್ರ ಉಳಿಸಬೇಡಿ. ಯಾವ ಕೋಣೆಯಲ್ಲಿ ಅದನ್ನು ಸರಿಯಾಗಿ ಹಾಕಲು ಆಗುವುದಿಲ್ಲವೋ ಆ ಕೋಣೆಯಲ್ಲಿ ನೆಲ ಬಿಸಿಮಾಡುವ ಯೋಚನೆಯನ್ನೇ ಬಿಟ್ಟು, ಗೋಡೆಗೊಂದು ದೊಡ್ಡ ರೇಡಿಯೇಟರ್ ಹಾಕಿಸಿ. ಅದರಿಂದ ನಿಮಗೇನೂ ಕೊರತೆಯಾಗುವುದಿಲ್ಲ.

ಯಾಕೆ ಅಂತೀಯಾ? ಇಲ್ಲಿ ಇಂಗ್ಲೆಂಡಿನಲ್ಲಿ ಸ್ವಲ್ಪ ಆಳದ ಮಣ್ಣು ಬೇಸಿಗೆ ಚಳಿಗಾಲವೆನ್ನದೆ ಹೆಚ್ಚುಕಡಿಮೆ 10 ಡಿಗ್ರಿಯಲ್ಲೇ ಇರುತ್ತದೆ. ರೇಡಿಯೇಟರ್ ಇರುವ ಕೋಣೆ 20 ಡಿಗ್ರಿ ಇದ್ದರೆ ನೆಲಕ್ಕೂ ಮಣ್ಣಿಗೂ ಹೆಚ್ಚೆಂದರೆ 10 ಡಿಗ್ರಿ ವ್ಯತ್ಯಾಸ. ಪೈಪು ಹಾಸಿದ ಮೇಲೆ ಅದೇ ನೆಲದ ಒಡಲು 35 ಡಿಗ್ರಿಗೆ ಏರುತ್ತದೆ; ವ್ಯತ್ಯಾಸ 25 ಆಗುತ್ತದೆ. ಇನ್ನೇನನ್ನೂ ಬದಲಾಯಿಸದಿದ್ದರೆ ಭೂಮಿಗೆ ಇಳಿದುಹೋಗುವ ಶಾಖ ಎರಡೂವರೆ ಪಟ್ಟಾಗುತ್ತದೆ. ‘ಶಾಖ ಮೇಲಕ್ಕೇ ಹೋಗುತ್ತದೆ, ಚಿಂತೆ ಬೇಡ’ ಎಂದು ಬಿಲ್ಡರ್ ಹೇಳಿದ್ದನ್ನೂ ಬರೆದಿದ್ದೀಯ. ಬಿಸಿ ಗಾಳಿ ಮೇಲೇರುವುದು ನಿಜ. ಗಟ್ಟಿ ವಸ್ತುವಿನೊಳಗೆ ಶಾಖಕ್ಕೆ ಮೇಲು ಕೆಳಗು ಗೊತ್ತಿಲ್ಲ. ಎಲ್ಲಿ ತಣ್ಣಗಿದೆಯೋ ಆ ಕಡೆಗೆ ಹರಿಯುತ್ತದೆ. ಊರಿನ ಬಚ್ಚಲುಮನೆಯ ಹಂಡೆ ಒಲೆ ನಿನಗೆ ನೆನಪಿರಬೇಕು. ಸುತ್ತ ದಪ್ಪಗೆ ಮಣ್ಣು ಮೆತ್ತಿ, ಉರಿಯೆಲ್ಲ ಹಂಡೆಯ ತಳಕ್ಕೇ ತಾಗುವಂತೆ ಒಲೆ ಕಟ್ಟಿದ್ದಕ್ಕೇ ಎರಡು ಕೊರಡಿನಲ್ಲಿ ಮನೆಮಂದಿಗೆಲ್ಲ ನೀರು ಕಾಯುತ್ತಿತ್ತು.

ಸ್ವಲ್ಪ ಲೆಕ್ಕ ಹಾಕೋಣ, ಅಂದಾಜಿನದು. ಶಾಖ ದಾಟಲು ಒಂದೊಂದು ಪದರವೂ ಒಡ್ಡುವ ತಡೆಗೆ ಒಂದು ಸಂಖ್ಯೆ ಇರುತ್ತದೆ. ಇಲ್ಲಿಯವರು ಅದನ್ನು ಆರ್ ಎನ್ನುತ್ತಾರೆ, ದೊಡ್ಡದಾದಷ್ಟೂ ಒಳ್ಳೆಯದು. ಪೈಪಿನಿಂದ ಮೇಲಕ್ಕೆ ಸ್ಕ್ರೀಡ್ (ಪೈಪು ಮುಚ್ಚುವಂತೆ ಸುರಿಯುವ ಗಾರೆ), ಟೈಲ್ಸ್, ಮೇಲ್ಮೈ ಎಲ್ಲ ಸೇರಿ 0.15 ಎಂದಿಟ್ಟುಕೋ. ನೆಲದ ಒಡಲು 35, ಕೋಣೆ 20. 15 ಡಿಗ್ರಿಯನ್ನು 0.15ರಿಂದ ಭಾಗಿಸಿದರೆ ಚದರ ಮೀಟರಿಗೆ 100 ವಾಟ್ ಮೇಲಕ್ಕೆ ಬರುತ್ತದೆ. ಕೆಳಗೆ ಬರೀ ಮಣ್ಣೇ ಇದ್ದು ಅದರ ತಡೆ 1 ಎಂದುಕೊಂಡರೆ 25 ವಾಟ್ ಭೂಮಿಪಾಲು. ನಡುವೆ 50 ಮಿ.ಮೀ. ದಪ್ಪದ ಪಿಐಆರ್ ಬೋರ್ಡ್, ಅಂದರೆ ಎರಡೂ ಮುಖಕ್ಕೆ ಫಾಯಿಲ್ ಅಂಟಿಸಿದ ಗಟ್ಟಿ ಫೋಮ್ ಹಲಗೆ, ಇಟ್ಟರೆ ತಡೆ 3.3ಕ್ಕೆ ಏರಿ ನಷ್ಟ ಸುಮಾರು 8 ವಾಟ್‌ಗೆ ಇಳಿಯುತ್ತದೆ. 100 ಮಿ.ಮೀ. ಇಟ್ಟರೆ ನಾಲ್ಕೂವರೆ. ನೋಡು, ಮೊದಲ 50 ಮಿ.ಮೀ. 17 ವಾಟ್ ಉಳಿಸಿತು, ಎರಡನೆಯ 50 ಮಿ.ಮೀ. ಉಳಿಸಿದ್ದು ಮೂರು. ಇದರಿಂದ ಎರಡು ವಿಷಯ ತಿಳಿಯುತ್ತದೆ. ಏನೂ ಹಾಕದಿರುವುದಕ್ಕೂ ಸ್ವಲ್ಪ ಹಾಕುವುದಕ್ಕೂ ಇರುವ ಅಂತರವೇ ದೊಡ್ಡದು. ಜಾಗವಿಲ್ಲದ ಕಡೆ 50 ಮಿ.ಮೀ. ಮಾತ್ರ ಸಿಕ್ಕಿದರೆ ಕೊರಗುವ ಕಾರಣವಿಲ್ಲ. ಹಾಗೆಂದು ಜಾಗವಿರುವಲ್ಲಿ 100 ಹಾಕದೆ ಬಿಡಬಾರದು, ಏಕೆಂದರೆ ಆ ನೆಲವನ್ನು ನಿಮ್ಮ ಆಯುಷ್ಯದಲ್ಲಿ ಮತ್ತೊಮ್ಮೆ ಅಗೆಯುವುದಿಲ್ಲ.

ನೆಲಬಿಸಿಗೆಂದೇ ಇರುವ ಯುರೋಪಿನ ಮಾನದಂಡ, ಇಎನ್ 1264, ಮಣ್ಣಿನ ಮೇಲಿನ ನೆಲಕ್ಕೆ ಪೈಪಿನಡಿ ಕನಿಷ್ಠ 1.25 ತಡೆ ಇರಲಿ ಎನ್ನುತ್ತದೆ. ಪಿಐಆರ್‌ನಲ್ಲಿ ಅದು 28 ಮಿ.ಮೀ. ಆಗುತ್ತದೆ. ಅದು ತೀರಾ ಕಡಿಮೆ ಮಟ್ಟ ಎಂದೇ ತಿಳಿಯಿರಿ. ಇಂಗ್ಲೆಂಡಿನ ಕಟ್ಟಡ ನಿಯಮದ ಪಾರ್ಟ್ ಎಲ್ ಇನ್ನೂ ಮುಂದೆ ಹೋಗುತ್ತದೆ: ಕೋಣೆಯ ನೆಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೊಸದಾಗಿ ಮಾಡಿಸುವುದಾದರೆ ಅದರ ಯು-ವ್ಯಾಲ್ಯೂ, ಅಂದರೆ ಶಾಖ ಸೋರುವ ಅಳತೆ, 0.25ಕ್ಕೆ ಇಳಿಯಬೇಕು, ಹಳೆಯ ಮನೆಯಲ್ಲಿ ಅದು ಸಾಧ್ಯವೇ ಇಲ್ಲವೆಂದು ತೋರಿಸಿಕೊಟ್ಟರೆ ಆದಷ್ಟು ಹತ್ತಿರ ತಂದರೆ ಸಾಕು. ಕೌನ್ಸಿಲಿನ ಬಿಲ್ಡಿಂಗ್ ಕಂಟ್ರೋಲ್‌ನವರಿಗೆ ಮುಂಚೆಯೇ ತಿಳಿಸಿ. ನಾಳೆ ಮನೆ ಮಾರುವಾಗ ವಕೀಲರು ಆ ಸರ್ಟಿಫಿಕೇಟ್ ಕೇಳುತ್ತಾರೆ.

ಈಗ ನಿಮ್ಮ ಮನೆಗೇ ಬರೋಣ. ನಿಮ್ಮದು ಒಂದೇ ನೆಲ ಅಂದುಕೊಳ್ಳಬೇಡಿ. ಎರಡು ಜಾತಿಯ ನೆಲ ಇದೆ. ಬೀದಿ ಕಡೆಯ ಕೋಣೆ ಮತ್ತು ಅದರ ಹಿಂದಿನ ಊಟದ ಕೋಣೆ ಮರದ ನೆಲ: ಇಟ್ಟಿಗೆಯ ಗಿಡ್ಡ ಗೋಡೆಗಳ ಮೇಲೆ ತೊಲೆ, ತೊಲೆಯ ಮೇಲೆ ಹಲಗೆ, ಕೆಳಗೆ ಪೊಳ್ಳು. ಹಿತ್ತಲ ಕಡೆಯ ಅಡುಗೆಮನೆ ಗಟ್ಟಿ ನೆಲ: ಬೂದಿ, ಮಣ್ಣು ಹರಡಿ ಅದರ ಮೇಲೆ ಕೆಂಪು ಕ್ವಾರಿ ಟೈಲ್ಸ್. ಒಂದಕ್ಕೆ ಒಪ್ಪುವ ಉಪಾಯ ಇನ್ನೊಂದಕ್ಕೆ ಒಪ್ಪುವುದಿಲ್ಲ. ಅಂದಾಜುಪಟ್ಟಿಯಲ್ಲಿ ಮೂರೂ ಕೋಣೆಗೆ ಒಂದೇ ದರ ಬರೆದಿರುವುದನ್ನು ನೋಡಿದರೆ ಬಿಲ್ಡರ್ ಇನ್ನೂ ಹಲಗೆ ಎತ್ತಿ ನೋಡಿಲ್ಲ ಅನ್ನಿಸುತ್ತದೆ.

ಮರದ ನೆಲದ ಮಾತು ಮೊದಲು, ಏಕೆಂದರೆ ಇಲ್ಲಿ ತಪ್ಪಾದರೆ ಕರೆಂಟು, ಗ್ಯಾಸಿನ ಬಿಲ್ಲು ಏರುವುದಷ್ಟೇ ಅಲ್ಲ, ನೆಲವೇ ಹೋಗುತ್ತದೆ. ಮನೆಯ ಹೊರಗೋಡೆಯ ಬುಡದಲ್ಲಿ ತೂತು ತೂತಿನ ಇಟ್ಟಿಗೆಗಳಿವೆ, ಏರ್‌ಬ್ರಿಕ್ ಎನ್ನುತ್ತಾರೆ. ಮುಂದಿನಿಂದ ಹಿಂದಕ್ಕೆ ಗಾಳಿ ನೆಲದಡಿಯಲ್ಲಿ ಓಡಾಡಿ ಮಣ್ಣಿನಿಂದ ಬರುವ ತೇವವನ್ನು ಹೊತ್ತೊಯ್ಯಲಿ ಎಂದು ಅವನ್ನು ಇಟ್ಟಿರುವುದು. ಆ ಗಾಳಿ ನಿಂತರೆ ತೊಲೆ ತೇವ ಕುಡಿಯುತ್ತದೆ. ಮರದಲ್ಲಿ ತೇವಾಂಶ ಶೇಕಡ 20 ದಾಟಿ ಹಾಗೇ ಉಳಿದರೆ ಶಿಲೀಂಧ್ರ ಹತ್ತಿ ಲಡ್ಡಾಗಲು ಶುರುವಾಗುತ್ತದೆ. ಇಲ್ಲಿಯವರು ಡ್ರೈ ರಾಟ್ ಎಂದು ಹೆದರುವುದು ಅದರಲ್ಲೇ ಕೆಟ್ಟ ಬಗೆಗೆ; ಅದು ಇಟ್ಟಿಗೆ ಗೋಡೆಯನ್ನೂ ದಾಟಿ ಪಕ್ಕದ ಮರಕ್ಕೆ ಹಬ್ಬುತ್ತದೆ. ಚಳಿ ಗಾಳಿ ಬರುತ್ತದೆಂದು ಏರ್‌ಬ್ರಿಕ್‌ಗೆ ಬಟ್ಟೆ ತುರುಕುವುದು, ಪೊಳ್ಳಿನೊಳಗೆಲ್ಲ ಥರ್ಮೋಕೋಲ್ ಮಣಿ ತುಂಬುವುದು, ತೊಲೆಗಳ ಅಡಿಗೆ ಫೋಮ್ ಸ್ಪ್ರೇ ಹೊಡೆಸಿ ಮರವನ್ನೇ ಮುಚ್ಚಿಬಿಡುವುದು, ಇವು ಯಾವುವನ್ನೂ ನಿಮ್ಮ ಮನೆಯಲ್ಲಿ ಮಾಡಿಸಬೇಡಿ. ಯಾರು ಎಷ್ಟೇ ಅಗ್ಗಕ್ಕೆ ಬರಲಿ.

ಇನ್ನೊಂದು ಸೂಕ್ಷ್ಮ. ಮೇಲೆ ಚೆನ್ನಾಗಿ ಇನ್ಸುಲೇಷನ್ ಹಾಕಿದ ಮೇಲೆ ಪೊಳ್ಳು ಮೊದಲಿಗಿಂತ ತಣ್ಣಗಾಗುತ್ತದೆ. ಈವರೆಗೆ ಮನೆಯ ಶಾಖ ಸೋರಿ ಸೋರಿಯೇ ಆ ತೊಲೆಗಳು ಸ್ವಲ್ಪ ಒಣಗಿದ್ದವು. ಇನ್ನು ಆ ಅನುಕೂಲ ಇರುವುದಿಲ್ಲ. ಹಾಗಾಗಿ ಹೊರಗಿನ ತೇವದ ದಾರಿಗಳನ್ನು ಮೊದಲು ಮುಚ್ಚಿಸಿ, ಆಮೇಲೆ ಒಳಗಿನ ಕೆಲಸ. ಮುಂಬಾಗಿಲ ಬಳಿ ಯಾರೋ ಹಿಂದಿನವರು ಹಾಸುಗಲ್ಲು ಎತ್ತರಿಸಿದಂತಿದೆ ಫೋಟೊದಲ್ಲಿ. ಏರ್‌ಬ್ರಿಕ್ ಅರ್ಧ ಹೂತುಹೋಗಿದೆ. ಹೊರಗಿನ ನೆಲ ಗೋಡೆಯ ತೇವತಡೆ ಪದರಕ್ಕಿಂತ 150 ಮಿ.ಮೀ. ಕೆಳಗಿರಬೇಕು. ಮಳೆನೀರಿನ ದೋಣಿ, ಕೊಳವೆ ಎಲ್ಲೂ ಸೋರದಿರಲಿ. ಗೋಡೆಯೊಳಗೆ ಹುಗಿದಿರುವ ತೊಲೆಯ ತುದಿಗಳನ್ನು ಒಂದೊಂದಾಗಿ ತೇವಾಂಶದ ಮೀಟರ್ ಚುಚ್ಚಿ ನೋಡಿಸಿ. ಸ್ಕ್ರೂಡ್ರೈವರ್ ತುದಿ ಸಲೀಸಾಗಿ ಒಳಹೋಗುವ ತುದಿ ಸಿಕ್ಕರೆ ಅಲ್ಲಿಗೆ ಮರಗೆಲಸದವರು ಮೊದಲು, ಪ್ಲಂಬರ್ ಆಮೇಲೆ.

ತೊಲೆ ಗಟ್ಟಿಯಾಗಿದ್ದರೆ ಕೆಲಸ ಹೀಗೆ ನಡೆಯಬೇಕು. ಹಲಗೆಗಳನ್ನು ಎಬ್ಬಿಸುವಾಗ ಹಿಂಬದಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಲಿ. ಆ ಕಾಲದ ಪೈನ್ ಹಲಗೆಗಳು ಈಗ ಸಿಗುವುದಿಲ್ಲ. ತೊಲೆಗಳ ಅಡಿಯಿಂದ ಮೇಲಕ್ಕೆ, ಗಾಳಿ ತಡೆದು ತೇವದ ಆವಿಯನ್ನು ಮಾತ್ರ ಬಿಡುವ ಮೆಂಬ್ರೇನ್ ಬಟ್ಟೆಯನ್ನು ಜೋಲಿಯ ಹಾಗೆ ಕಟ್ಟಿ, ಅದರಲ್ಲಿ ಮಿನರಲ್ ವುಲ್ ಅಥವಾ ವುಡ್ ಫೈಬರ್ ಕೂರಿಸಬೇಕು. ಬರೀ ಬಲೆ ಕಟ್ಟಿದರೆ ಏರ್‌ಬ್ರಿಕ್‌ನಿಂದ ಬರುವ ಗಾಳಿ ಉಣ್ಣೆಯೊಳಗೇ ನುಗ್ಗಿ ಶಾಖ ಕದಿಯುತ್ತದೆ, ಅದಕ್ಕೇ ಮೆಂಬ್ರೇನ್ ಬೇಕು. ಗಟ್ಟಿ ಫೋಮ್ ಹಲಗೆಯನ್ನು ತೊಲೆಗಳ ನಡುವೆ ಕತ್ತರಿಸಿ ಕೂರಿಸುವವರೂ ಇದ್ದಾರೆ. ಕಾಗದದ ಮೇಲೆ ಅದರ ತಡೆ ಹೆಚ್ಚು. ಆದರೆ ಹಳೆಯ ತೊಲೆಗಳು ನೆಟ್ಟಗಿರುವುದಿಲ್ಲ, ಒಂದೊಂದು ಸಂದಿಗೂ ಒಂದೊಂದು ಅಳತೆ. ಗಟ್ಟಿ ಹಲಗೆಯ ಪಕ್ಕದಲ್ಲಿ ಉಳಿಯುವ ಬೆರಳಗಲದ ಬಿರುಕು ಅರ್ಧ ಕೆಲಸ ಕೆಡಿಸುತ್ತದೆ. ಉಣ್ಣೆಯನ್ನು ಸಂದಿಗಿಂತ 10 ಮಿ.ಮೀ. ಅಗಲವಾಗಿ ಕತ್ತರಿಸಿದರೆ ತಾನೇ ಹಿಗ್ಗಿ ಕಚ್ಚಿಕೊಳ್ಳುತ್ತದೆ. ನಿಮ್ಮ ಮನೆಯ ತೊಲೆ 4 ಅಥವಾ 5 ಇಂಚು ಆಳದ್ದಿರಬೇಕು. ಆ ಆಳವನ್ನೆಲ್ಲ ತುಂಬಿಸಿ.

ಅತಿ ಮುಖ್ಯವಾದ ಮಾತು: ಉಣ್ಣೆಯ ಬೆನ್ನು ಪೈಪಿನ ಅಲ್ಯುಮಿನಿಯಂ ತಗಡಿಗೆ ಒತ್ತಿಕೊಂಡಿರಬೇಕು. ಮರದ ನೆಲದಲ್ಲಿ ಪೈಪನ್ನು ಈ ತಗಡಿನ ತೋಡಿನಲ್ಲಿ ಕೂರಿಸುತ್ತಾರೆ, ತಗಡು ಶಾಖವನ್ನು ಹಲಗೆಗೆ ಹರಡುತ್ತದೆ. ತಗಡಿಗೂ ಉಣ್ಣೆಗೂ ನಡುವೆ ಖಾಲಿ ಜಾಗ ಬಿಟ್ಟರೆ ತಣ್ಣನೆ ಗಾಳಿ ಆ ಸಂದಿಗೇ ಸೇರುತ್ತದೆ. ಆಗ ಎಷ್ಟು ದಪ್ಪದ ಉಣ್ಣೆ ಇದ್ದೂ ಫಲವಿಲ್ಲ. ಇನ್ಸುಲೇಷನ್ನೇ ಇಲ್ಲದೆ ಹೀಗೆ ತಗಡು ಹೊಡೆದರೆ ಏನಾಗುತ್ತದೆ ಗೊತ್ತೇ? ತಗಡು 35 ಡಿಗ್ರಿ, ಚಳಿಗಾಲದ ಪೊಳ್ಳು 5 ಡಿಗ್ರಿ. ಹಲಗೆ ದಾಟಿ ಕೋಣೆಗೆ ಬರುವುದಕ್ಕಿಂತ ಹೆಚ್ಚು ಶಾಖ ಕೆಳಗಿನ ಗಾಳಿಗೆ ಹೋಗಬಹುದು. ಕಾಸು ಕೊಟ್ಟು ಬೀದಿ ಬಿಸಿ ಮಾಡಿದಂತೆ. 100 ಮಿ.ಮೀ. ಉಣ್ಣೆ ಒತ್ತಿ ಕೂತರೆ ಆ ನಷ್ಟ ಚದರ ಮೀಟರಿಗೆ 10 ವಾಟ್ ಆಸುಪಾಸಿಗೆ ಬರುತ್ತದೆ.

ಗೋಡೆಗೂ ಕೊನೆಯ ತೊಲೆಗೂ ನಡುವೆ ಎರಡಿಂಚಿನ ಕಿರುಸಂದಿ ಇರುತ್ತದಲ್ಲ, ಕೈ ಹೋಗುವುದಿಲ್ಲವೆಂದು ಅದನ್ನು ಬಿಟ್ಟುಬಿಡುವುದೇ ಹೆಚ್ಚು. ನಿಂತು ನೋಡಿ ತುಂಬಿಸಿ. ನೆಲದ ಶಾಖ ಹೆಚ್ಚು ಸೋರುವುದು ಅಂಚಿನಲ್ಲೇ. ಆಮೇಲೆ ಹಲಗೆ ಮುಚ್ಚುವ ಮುನ್ನ ಮೇಲೆ ಗಾಳಿ ತಡೆಯುವ ಪದರ ಹಾಸಿ, ಗೋಡೆಗೆ ಟೇಪಿನಲ್ಲಿ ಅಂಟಿಸಿ, ಸ್ಕರ್ಟಿಂಗ್ ಹಿಂದೆ ಮುಚ್ಚಿಸಿ. ಪೊಳ್ಳಿನಲ್ಲಿ ಹಾದುಹೋಗುವ ನೀರಿನ ಪೈಪುಗಳಿಗೆ ಬೇರೆ ಕವಚ ಬೇಕು, ಪೊಳ್ಳು ತಣ್ಣಗಾದ ಮೇಲೆ ಅವು ಹೆಪ್ಪುಗಟ್ಟಬಹುದು. ಕರೆಂಟಿನ ವೈರುಗಳನ್ನು ಎಲೆಕ್ಟ್ರಿಷಿಯನ್ ನೋಡಲಿ: ಉಣ್ಣೆಯೊಳಗೆ ಹೂತ ವೈರು ಬಿಸಿಯಾಗುತ್ತದೆ, ಪಿವಿಸಿ ವೈರು ಥರ್ಮೋಕೋಲಿಗೆ ತಾಗಿದ್ದರೆ ಕಾಲಾಂತರದಲ್ಲಿ ಅದರ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಪೈಪು ದಾಟಿಸಲು ಪ್ಲಂಬರ್ ತೊಲೆಗಳಿಗೆ ಕಚ್ಚು ಹೊಡೆಯುವಾಗ ಹತ್ತಿರವೇ ನಿಲ್ಲಿ. ಕಚ್ಚಿನ ಆಳ ತೊಲೆಯ ಆಳದ ಎಂಟನೇ ಒಂದು ಭಾಗ ಮೀರಬಾರದು, ತೊಲೆಯ ನಡುಭಾಗದಲ್ಲಂತೂ ಕಚ್ಚು ಕೂಡದು. ನಾಲ್ಕಿಂಚಿನ ತೊಲೆಗೆ ಅದು ಬರೀ ಅರ್ಧ ಇಂಚು, 16 ಮಿ.ಮೀ. ಪೈಪೂ ಮುಳುಗುವುದಿಲ್ಲ. ಆದ್ದರಿಂದ ತೊಲೆಗಳ ಮೇಲೆ ಅಡ್ಡಪಟ್ಟಿ ಹೊಡೆದು ಪೈಪು ಓಡಿಸುವ ವಿಧಾನ ಕೇಳಿ.

ಬೀದಿ ಕಡೆಯ ಕೋಣೆಗೆ ಈ ಖರ್ಚೆಲ್ಲ ಬೇಕೇ ಎಂದು ಕೇಳಿದರೆ, ಬೇಡ ಎನ್ನುತ್ತೇನೆ. ಅಲ್ಲಿ ದೊಡ್ಡ ಬೇ ಕಿಟಕಿ ಇದೆ, ಅಗ್ಗಿಷ್ಟಿಕೆಯ ಮುಂದೆ ಕಲ್ಲು ಹಾಸಿದೆ, ಗೋಡೆ ಒಂಬತ್ತಿಂಚಿನ ಗಟ್ಟಿ ಇಟ್ಟಿಗೆ. ನೆಲ ಎಷ್ಟು ಶಾಖ ಕೊಡಬಲ್ಲದು ಎಂಬುದಕ್ಕೆ ಮಿತಿ ಇದೆ. ಮರದ ನೆಲದ ಮೇಲ್ಮೈ 27 ಡಿಗ್ರಿ ದಾಟಬಾರದು. ಕೋಣೆ 20 ಇದ್ದಾಗ ಅದು ಕೊಡುವುದು ಚದರ ಮೀಟರಿಗೆ ಸುಮಾರು 75 ವಾಟ್. ಟೈಲ್ಸಿಗೆ ಮಿತಿ 29, ಅದು 100 ವಾಟ್ ಕೊಟ್ಟೀತು. ಸೋರುವ ಕಿಟಕಿಯ ಕೋಣೆಗೆ ಇದು ಸಾಲದೆ ಬರಬಹುದು. ಅಲ್ಲಿ ತೊಲೆಗಳ ನಡುವೆ ಉಣ್ಣೆ ತುಂಬಿಸಿ, ಪೈಪು ಬಿಟ್ಟು, ರೇಡಿಯೇಟರನ್ನೇ ದೊಡ್ಡದು ಮಾಡಿಸಿ. ಗಾಳಿ ಸೋರುವುದು ನಿಂತ ಹಲಗೆಯ ಮೇಲೆ ಬರಿಗಾಲಿಟ್ಟರೂ ಮೊದಲಿನ ಕೊರೆತ ಇರುವುದಿಲ್ಲ. ಊಟದ ಕೋಣೆಗೆ ಹೊರಗೋಡೆ ಕಡಿಮೆ, ಎರಡೂ ಪಕ್ಕ ನೆರೆಯವರ ಬೆಚ್ಚನೆ ಮನೆ. ಅಲ್ಲಿ ಪೈಪು ಚೆನ್ನಾಗಿ ನಡೆಯುತ್ತದೆ.

ಇನ್ನು ಅಡುಗೆಮನೆ. ಕೆಲವರು ಕ್ವಾರಿ ಟೈಲ್ಸಿನ ಮೇಲೆಯೇ 15, 20 ಮಿ.ಮೀ.ನ, ತೋಡು ಕೊರೆದ ತೆಳು ಹಲಗೆ ಹಾಸಿ ಪೈಪು ಒತ್ತಿ, ಎರಡು ದಿನದಲ್ಲಿ ಕೆಲಸ ಮುಗಿಸಿಕೊಡುತ್ತೇವೆ ಎನ್ನುತ್ತಾರೆ. ಆ ಹಲಗೆ ಪೈಪು ಹಿಡಿಯಲು ಸಾಕು, ಶಾಖ ತಡೆಯಲು ಸಾಲದು. ಮೊದಲೇ ಕೆಳಗೆ ಇನ್ಸುಲೇಷನ್ ಇರುವ ಹೊಸ ನೆಲಕ್ಕೆ ಅದು ಸರಿ. ಬೂದಿಮಣ್ಣಿನ ಮೇಲೆ ಕೂತ ನೆಲಕ್ಕೆ ಅಲ್ಲ. ಅದರಡಿಗೆ ಇನ್ನೂ 50 ಮಿ.ಮೀ. ಗಟ್ಟಿ ಫೋಮ್ ಸೇರಿಸೋಣವೆಂದರೆ ನೆಲ ಮೂರಿಂಚು ಮೇಲೇರುತ್ತದೆ: ಹಿತ್ತಲ ಬಾಗಿಲು ಕತ್ತರಿಸಬೇಕು, ಹೊಸ್ತಿಲಲ್ಲಿ ಕಾಲು ಎಡವುತ್ತದೆ, ಕಟ್ಟೆಯ ಎತ್ತರ ತಪ್ಪುತ್ತದೆ. ನಿಮ್ಮ ಮಹಡಿ ಮೆಟ್ಟಿಲು ಊಟದ ಕೋಣೆಯಿಂದ ಏರುವುದರಿಂದ ಅಲ್ಲಿನ ನೆಲ ಏರಿಸುವ ಯೋಚನೆ ಬಂದರಂತೂ ತಡೆಯಿರಿ. ಮೊದಲ ಮೆಟ್ಟಿಲು ಮಾತ್ರ ಗಿಡ್ಡವಾದರೆ ಕತ್ತಲಲ್ಲಿ ಇಳಿಯುವ ಕಾಲು ಮೋಸ ಹೋಗುತ್ತದೆ. ನಿಮ್ಮ ಅತ್ತೆ ಮಾವ ಬಂದು ತಿಂಗಳುಗಟ್ಟಲೆ ಇರುವ ಮನೆ ಅದು.

ಆದ್ದರಿಂದ ಅಡುಗೆಮನೆಯಲ್ಲಿ ಅಗೆಯುವುದೇ ಸರಿ. ಮೇಲಿನಿಂದ ಲೆಕ್ಕ ಹಾಕು: ಟೈಲ್ಸ್ 10, ಪೈಪು ಹುದುಗುವ ಸ್ಕ್ರೀಡ್ 65, ಇನ್ಸುಲೇಷನ್ 100, ಕಾಂಕ್ರೀಟ್ 100, ಜಲ್ಲಿ ಮತ್ತು ಮರಳು 150. ಒಟ್ಟು 425 ಮಿ.ಮೀ., ಒಂದೂ ಕಾಲು ಅಡಿಗಿಂತ ಹೆಚ್ಚು. ಇಲ್ಲಿ ನಿಲ್ಲಿ. ಆ ಕಾಲದ ಗೋಡೆಗಳ ಪಾಯ ತುಂಬ ಆಳದ್ದಲ್ಲ, ಅಗಲವಾದ ನಾಲ್ಕಾರು ಸಾಲು ಇಟ್ಟಿಗೆ ಅಷ್ಟೇ. ಪಾಯದ ತಳಕ್ಕಿಂತ ಕೆಳಗೆ ಅಗೆದರೆ ಗೋಡೆಯ ಕಾಲಡಿಯ ಮಣ್ಣು ಜಾರುತ್ತದೆ. ಒಂದು ಮೂಲೆಯಲ್ಲಿ ಚಿಕ್ಕ ಗುಂಡಿ ತೋಡಿ ಪಾಯ ಎಲ್ಲಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಆಳ ನಿರ್ಧರಿಸಿ. ಅನುಮಾನ ಬಂದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಒಂದು ದಿನಕ್ಕೆ ಕರೆಸಿ. ನೆರೆಮನೆಯಿಂದ 3 ಮೀಟರಿನೊಳಗೆ ಅವರ ಪಾಯಕ್ಕಿಂತ ಕೆಳಗೆ ಅಗೆಯುವುದಾದರೆ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಒಂದು ತಿಂಗಳ ಮುಂಚೆ ಅವರಿಗೆ ಲಿಖಿತ ನೋಟಿಸ್ ಕೊಡಬೇಕು. ಸಾಲುಮನೆಯಲ್ಲಿ ಎರಡೂ ಪಕ್ಕದವರಿಗೆ. ನೋಟಿಸಿಗೂ ಮುಂಚೆ ನೀವೇ ಹೋಗಿ ಬಾಗಿಲು ತಟ್ಟಿ ವಿಷಯ ಹೇಳಿ ಬನ್ನಿ, ಕಾಗದವೇ ಮೊದಲು ಕೈಸೇರಿದರೆ ಯಾರಿಗಾದರೂ ಮುಜುಗರ.

ಅಗೆಯುವ ಮುನ್ನ ಇನ್ನೆರಡು ಎಚ್ಚರಿಕೆ. ಕ್ವಾರಿ ಟೈಲ್ಸಿನ ಮೇಲೆ ಎಲ್ಲಾದರೂ ಒಂಬತ್ತಿಂಚಿನ ಹಳೆಯ ವಿನೈಲ್ ತುಂಡುಗಳು, ಕಪ್ಪು ಡಾಂಬರಿನಂಥ ಅಂಟು ಕಂಡರೆ ಕೆರೆಯಬೇಡಿ, ಒಡೆಯಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ. ಈ ದೇಶದಲ್ಲಿ ಅದರ ಬಳಕೆ ಪೂರ್ತಿ ನಿಂತದ್ದು 1999ರಲ್ಲಿ. ಚೂರೊಂದನ್ನು ಪರೀಕ್ಷೆಗೆ ಕಳಿಸಿದ ಮೇಲೆಯೇ ಮುಂದಿನ ಕೆಲಸ.

ಎರಡನೆಯದು ರೇಡಾನ್. ನಾರ್ಥಾಂಪ್ಟನ್ ಸುತ್ತಿನ ಕಬ್ಬಿಣಗಲ್ಲಿನ ನೆಲದಿಂದ ಈ ವಿಕಿರಣದ ಅನಿಲ ಏಳುತ್ತದೆ. ಕಾರ್ನ್‌ವಾಲಿನ ಗ್ರಾನೈಟ್ ನಾಡಿನಷ್ಟು ಹೆಸರಾಗದಿದ್ದರೂ ನಿಮ್ಮ ಜಿಲ್ಲೆಯೂ ರೇಡಾನ್ ಪೀಡಿತ ಪ್ರದೇಶವೇ. ಬಣ್ಣವಿಲ್ಲ, ವಾಸನೆಯಿಲ್ಲ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ. ಯುಕೆ ಹೆಲ್ತ್ ಸೆಕ್ಯುರಿಟಿ ಏಜೆನ್ಸಿಯಿಂದ ಎರಡು ಪುಟ್ಟ ಡಿಟೆಕ್ಟರ್ ತರಿಸಿಕೊಂಡು ಒಂದನ್ನು ಕೂರುವ ಕೋಣೆಯಲ್ಲಿ, ಒಂದನ್ನು ಮಲಗುವ ಕೋಣೆಯಲ್ಲಿ ಮೂರು ತಿಂಗಳಿಡಿ. ಘನ ಮೀಟರಿಗೆ 200 ಬೆಕ್ವೆರೆಲ್ ದಾಟಿದರೆ ಕ್ರಮ ತೆಗೆದುಕೊಳ್ಳಬೇಕು ಎನ್ನುತ್ತಾರೆ. ನೆಲ ಹೇಗೂ ಅಗೆಯುತ್ತಿದ್ದೀರಿ. ತೇವ ತಡೆಯುವ ಪಾಲಿಥೀನ್ ಬದಲು ರೇಡಾನನ್ನೂ ತಡೆಯುವ ಮೆಂಬ್ರೇನ್ ಹಾಸಿ, ಜೋಡಣೆಗಳನ್ನೆಲ್ಲ ಟೇಪಿನಿಂದ ಮುಚ್ಚಿಸಲು ಈಗ ಆಗುವ ಹೆಚ್ಚಿನ ಖರ್ಚು ಅಲ್ಪ. ಮರದ ನೆಲದಡಿ ಆ ಏರ್‌ಬ್ರಿಕ್‌ನ ಗಾಳಿಯೇ ರೇಡಾನನ್ನೂ ಹೊರಗೊಯ್ಯುತ್ತದೆ, ಅವನ್ನು ಮುಚ್ಚಬೇಡಿ ಎನ್ನಲು ಇದು ಇನ್ನೊಂದು ಕಾರಣ.

ಕಾಂಕ್ರೀಟ್ ಒಣಗಿದ ಮೇಲೆ ಇನ್ಸುಲೇಷನ್ ಹಲಗೆಗಳನ್ನು 50, 50ರ ಎರಡು ಪದರವಾಗಿ ಹಾಸಿ, ಮೇಲಿನದರ ಜೋಡಣೆ ಕೆಳಗಿನದರ ಮೇಲೆ ಬಾರದಂತೆ. ಗೋಡೆಯುದ್ದಕ್ಕೂ 25 ಮಿ.ಮೀ. ಪಟ್ಟಿಯನ್ನು ಸ್ಕ್ರೀಡಿನ ಮೇಲ್ಮಟ್ಟದವರೆಗೆ ನಿಲ್ಲಿಸಬೇಕು. ಇದನ್ನು ಬಿಟ್ಟರೆ ಬಿಸಿ ಸ್ಕ್ರೀಡ್ ತಣ್ಣನೆ ಗೋಡೆಗೆ ಮುಟ್ಟಿಕೊಂಡು ಶಾಖ ಸುತ್ತಲೂ ಸೋರುತ್ತದೆ. ಹಿಗ್ಗುವುದಕ್ಕೂ ಸ್ಕ್ರೀಡಿಗೆ ಜಾಗ ಬೇಕು. ಹಲಗೆಯ ಮೇಲೊಂದು ಪಾಲಿಥೀನ್ ಹಾಳೆ ಹರಡದೆ ಸ್ಕ್ರೀಡ್ ಸುರಿಯಬಾರದು, ಹಸಿ ಸಿಮೆಂಟು ಅಲ್ಯುಮಿನಿಯಂ ಫಾಯಿಲನ್ನು ತಿನ್ನುತ್ತದೆ.

ಒಂದು ಮಾತು ಬಿಟ್ಟುಹೋಗಬಾರದು. ಅಳಿಯಂದಿರ ಸ್ನೇಹಿತರು ಹಳ್ಳಿಯ ಕಡೆ ಕಲ್ಲಿನ ಕಾಟೇಜ್ ಕೊಂಡಿದ್ದಾರಂತಲ್ಲ, ಅವರಿಗೆ ಈ ಪಾಲಿಥೀನ್, ಕಾಂಕ್ರೀಟಿನ ಪಾಠ ಒಪ್ಪಿಸಬೇಡಿ. ತೇವತಡೆ ಪದರವೇ ಇಲ್ಲದ ದಪ್ಪ ಕಲ್ಲುಗೋಡೆಯ ಮನೆಯಲ್ಲಿ ನೆಲಕ್ಕೆ ಪ್ಲಾಸ್ಟಿಕ್ ಮುಚ್ಚಿದರೆ ಮಣ್ಣಿನ ತೇವ ಗೋಡೆಯ ಬುಡ ಹಿಡಿದು ಏರುವ ಭಯವಿದೆ. ಅಂಥ ಮನೆಗೆ ನೊರೆಗಾಜಿನ ಜಲ್ಲಿ ತುಂಬಿ, ಮೇಲೆ ಸುಣ್ಣದ ಕಾಂಕ್ರೀಟ್ ಹಾಕಿ, ಅದರ ಮೇಲಿನ ಸುಣ್ಣದ ಸ್ಕ್ರೀಡಿನಲ್ಲಿ ಪೈಪು ಹುದುಗಿಸುವ ವಿಧಾನವಿದೆ. ಆ ಗಾಜಿನ ಜಲ್ಲಿಯೇ ಶಾಖವನ್ನೂ ತಡೆಯುತ್ತದೆ, ತೇವ ಮೇಲೆ ಹತ್ತದಂತೆಯೂ ನೋಡಿಕೊಳ್ಳುತ್ತದೆ. ದಪ್ಪ ಹೆಚ್ಚು ಬೇಕು, ಒಣಗಲು ದಿನ ಹೆಚ್ಚು ಬೇಕು. ವಿಲಿಯಂ ಮಾರಿಸ್ 1877ರಲ್ಲಿ ಹುಟ್ಟುಹಾಕಿದ ಸೊಸೈಟಿ ಫಾರ್ ದ ಪ್ರೊಟೆಕ್ಷನ್ ಆಫ್ ಏನ್ಷಿಯಂಟ್ ಬಿಲ್ಡಿಂಗ್ಸ್‌ನವರು ಇಂಥದಕ್ಕೆ ಸಲಹೆ ಕೊಡುತ್ತಾರೆ, ಅವರನ್ನು ಕೇಳಲಿ. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಹಾಸುಗಲ್ಲು ಎತ್ತುವ ಮುಂಚೆ ಕೌನ್ಸಿಲಿನ ಒಪ್ಪಿಗೆ ಬೇಕೇ ಬೇಕು.

ಅಡುಗೆಮನೆಯ ಶಾಖದ ಲೆಕ್ಕವನ್ನೂ ಬಿಲ್ಡರ್ ಬಳಿ ಕೇಳು. ಕೋಣೆ 12 ಚದರ ಮೀಟರ್ ಅಂದೆ. ಕಪಾಟು, ಫ್ರಿಜ್, ಒಲೆಯ ಅಡಿಗೆ ಪೈಪು ಹಾಕುವುದಿಲ್ಲ. ತೆರೆದ ನೆಲ ಏಳು ಚದರ ಮೀಟರ್ ಉಳಿದರೆ ಹೆಚ್ಚು. ಕಾಲಿಗೆ ಹಿತವಾಗಿ 27 ಡಿಗ್ರಿಯಲ್ಲಿ ನಡೆಸಿದರೆ 500 ವಾಟ್ ಚಿಲ್ಲರೆ. ಕೋಣೆಗೆ 900 ಬೇಕೆಂದು ಲೆಕ್ಕ ಬಂದರೆ ಕಪಾಟಿನ ಬುಡದಲ್ಲಿ ಒಂದು ಪ್ಲಿಂತ್ ಹೀಟರ್ ಕೂರಿಸಬೇಕು. ಈ ಲೆಕ್ಕ ಕೋಣೆ ಕೋಣೆಗೂ ಮಾಡದೆ ಪೈಪಿನ ನಕ್ಷೆ ಬರೆಯುವವರನ್ನು ನಂಬಬೇಡಿ. ಊಟದ ಕೋಣೆಗೆ ಕಾರ್ಪೆಟ್ ಹಾಸುವ ಮನಸ್ಸಿದ್ದರೆ ಅಂಗಡಿಯಲ್ಲಿ ‘ಟಾಗ್’ ಎಷ್ಟು ಎಂದು ಕೇಳಿ. ಒಂದು ಟಾಗ್ ಅಂದರೆ 0.1 ತಡೆ. ಅಡಿಹಾಸು ಸೇರಿ ಎರಡೂವರೆ ಟಾಗ್ ಆದರೆ ಮೇಲ್ಮುಖದ ತಡೆ 0.25 ಏರುತ್ತದೆ, ಆಗ ಕೆಳಗೆ ಹಾಕಿದ ಇನ್ಸುಲೇಷನ್ನಿನ ಪುಣ್ಯವನ್ನು ಮೇಲಿನ ಕಾರ್ಪೆಟ್ ತಿಂದುಹಾಕುತ್ತದೆ. ನನ್ನ ಕೇಳಿದರೆ ಎಂಜಿನಿಯರ್ಡ್ ಮರದ ಹಲಗೆ ಹಾಕಿ, ಕೂರುವಲ್ಲಿ ಒಂದು ಜಮಖಾನ ಸಾಕು.

ಮುಂದೆ ಹೀಟ್ ಪಂಪ್ ಹಾಕಿಸುವ ನಿಮ್ಮ ಯೋಚನೆ ಒಳ್ಳೆಯದು. ಕೆಳಗೆ ಸರಿಯಾಗಿ ತಡೆ ಇದ್ದರೆ ನೆಲಕ್ಕೆ 35ರಿಂದ 40 ಡಿಗ್ರಿ ನೀರು ಸಾಕು, ಅಷ್ಟು ಕಡಿಮೆ ಬಿಸಿಯಲ್ಲಿ ಹೀಟ್ ಪಂಪ್ ಕಡಿಮೆ ಕರೆಂಟಿನಲ್ಲಿ ನಡೆಯುತ್ತದೆ. ಸ್ಕ್ರೀಡಿನ ನೆಲ ಬಿಸಿಯಾಗಲು ಎರಡು ಮೂರು ಗಂಟೆ, ತಣ್ಣಗಾಗಲು ಇನ್ನೂ ಹೆಚ್ಚು; ಬಾತ್ ಊರಿನಲ್ಲಿ ರೋಮನ್ನರು ಕಂಬಗಳ ಮೇಲೆ ನಿಲ್ಲಿಸಿದ ದಪ್ಪ ನೆಲದಡಿ ಬೆಂಕಿಯ ಬಿಸಿಗಾಳಿ ಹಾಯಿಸುತ್ತಿದ್ದ ಕಾಲದಿಂದಲೂ ಇದರ ಗುಣ ಹೀಗೇ. ರಾತ್ರಿ ಪೂರ್ತಿ ಆರಿಸದೆ ಎರಡು ಮೂರು ಡಿಗ್ರಿ ಇಳಿಸಿದರೆ ಸಾಕು. ದುಡ್ಡಿನ ವಿಷಯದಲ್ಲೂ ಒಂದು ಸೂಚನೆ: ಕಂಟ್ರಾಕ್ಟರ್ ತಾನೇ ತಂದು ಹಾಕುವ ಇನ್ಸುಲೇಷನ್ನಿಗೆ 2027ರ ಮಾರ್ಚ್ 31ರವರೆಗೆ ವ್ಯಾಟ್ ಸೊನ್ನೆ. ನೀವೇ ಅಂಗಡಿಯಿಂದ ತಂದುಕೊಟ್ಟರೆ ಶೇಕಡ 20 ತೆರಬೇಕು. ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ಬರೆಸಿ, ‘ಅಗತ್ಯವಿದ್ದಂತೆ’ ಎಂಬುದನ್ನು ಹೊಡೆದುಹಾಕಿ ಯಾವ ವಸ್ತು, ಎಷ್ಟು ಮಿ.ಮೀ., ಯಾವ ಕೋಣೆ ಎಂದು ಬರೆಸಿ.

ಪೈಪು ಹಾಸಿ ಮುಗಿದ ದಿನ ಅಳಿಯಂದಿರು ರಜೆ ಹಾಕಲಿ. ಒಂದೊಂದು ಸುತ್ತೂ ನಡುವೆ ಜೋಡಣೆಯಿಲ್ಲದ ಅಖಂಡ ಪೈಪಾಗಿರಬೇಕು, 100 ಮೀಟರ್ ಮೀರಬಾರದು. ನೀರು ತುಂಬಿಸಿ 6 ಬಾರ್ ಒತ್ತಡದಲ್ಲಿ ಪರೀಕ್ಷಿಸಲಿ, ಒತ್ತಡ ಇಟ್ಟುಕೊಂಡೇ ಸ್ಕ್ರೀಡ್ ಸುರಿಯಲಿ; ಮೊಳೆ, ಮೆಟ್ಟು ಏನಾದರೂ ತಾಗಿದ್ದರೆ ಒತ್ತಡದ ಮೀಟರಿನ ಮುಳ್ಳು ಕೂಡಲೇ ಇಳಿಯುತ್ತದೆ. ಟೇಪು ಹಿಡಿದು ಗೋಡೆಯಿಂದ ಅಳತೆ ಕಾಣುವ ಹಾಗೆ ಫೋಟೊ ತೆಗೆದಿಡಿ. ಮರಳು ಸಿಮೆಂಟಿನ ಸ್ಕ್ರೀಡಾದರೆ 21 ದಿನ ಬಿಸಿ ಹಾಯಿಸಬಾರದು. ಜಿಪ್ಸಂ ಬಗೆಯದಾದರೆ 7 ದಿನ. ಆಮೇಲೆ ಮೂರು ದಿನ 25 ಡಿಗ್ರಿ ನೀರು, ಮತ್ತೆ ನಾಲ್ಕು ದಿನ ಪೂರ್ತಿ ಬಿಸಿ, ಬಳಿಕ ಇಳಿಸುವುದು. ಸಿಮೆಂಟ್ ಸ್ಕ್ರೀಡ್ ಒಣಗುವುದು ದಿನಕ್ಕೆ ಒಂದು ಮಿ.ಮೀ., 50 ದಾಟಿದ ಮೇಲೆ ಅದರ ಅರ್ಧ ವೇಗ. ನಿಮ್ಮ 65 ಮಿ.ಮೀ.ಗೆ ಎರಡೂವರೆ ತಿಂಗಳಿನ ಮೇಲೆ ಹಿಡಿಯುತ್ತದೆ. ತೇವಾಂಶ ಅಳೆದು ನೋಡುವವರೆಗೆ ಟೈಲ್ಸಿನವರಿಗೆ ದಿನ ಗೊತ್ತು ಮಾಡಬೇಡಿ, ಗೃಹಪ್ರವೇಶದ ಮುಹೂರ್ತವನ್ನೂ ಅದಕ್ಕೆ ಮುಂಚೆ ಇಡಿಸಬೇಡಿ. ಬಿಲ್ಡರ್ ಹೊಸ ಅಂದಾಜುಪಟ್ಟಿ ಕೊಟ್ಟಾಗ ಅದನ್ನೂ ಊಟದ ಕೋಣೆಯ ತೊಲೆಗಳ ಫೋಟೊಗಳನ್ನೂ ನನಗೆ ಕಳಿಸು.

ನಿನ್ನ ಚಿಕ್ಕಪ್ಪ